ಬಂದವರಿಗಿಂತ ಬಿದ್ದ ಓಟೇ ಜಾಸ್ತಿ!

ಮತಗಟ್ಟೆ ಸಿಬ್ಬಂದಿಗೆ ತರಬೇತಿ ಕೊಡುವ ಕೆಲಸ ನನ್ನದು. ಆಗಾಗ ಯಾರಾದರೂ 1952ರ ಮೈಸೂರು ವಿಧಾನಸಭೆಯ ಫಲಿತಾಂಶದ ಹಾಳೆ ಹಿಡಿದು ಬರುತ್ತಾರೆ. ‘ಸಾರ್, ಓಟು ಹಾಕೋಕೆ ಬಂದವರಿಗಿಂತ ಬಿದ್ದ ಓಟೇ ಜಾಸ್ತಿ ಇದೆ. ಕಳ್ಳ ಓಟಾ?’

ಅಲ್ಲ. ಕ್ಷೇತ್ರಕ್ಕೆ ಎಷ್ಟು ಸೀಟು ಅನ್ನೋದನ್ನು ಮೊದಲು ನೋಡಿ.

ಆಗ ಸಭೆಯಲ್ಲಿ 99 ಸೀಟು, ಆದರೆ ಕ್ಷೇತ್ರಗಳು ಬರೀ 80. ಅದರಲ್ಲಿ 19 ಕ್ಷೇತ್ರಗಳಿಂದ ತಲಾ ಇಬ್ಬರು ಶಾಸಕರು. ಅಲ್ಲಿನ ಮತದಾರನಿಗೆ ಎರಡು ಚೀಟಿ. ಲೋಕಸಭೆಗೂ ಜೊತೆಯಲ್ಲೇ ಮತದಾನ, ಅದರ ಚೀಟಿ ಬೇರೆ. ಈಗಿನ ಹಾಗೆ ಮುದ್ರೆ ಒತ್ತುವುದಾಗಲಿ ಬಟನ್ ಆಗಲಿ ಇರಲಿಲ್ಲ. ಪರದೆಯ ಹಿಂದೆ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಕಾಂಗ್ರೆಸ್ಸಿಗೆ ಜೋಡಿ ಎತ್ತು, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು. ಒಂದು ರೂಪಾಯಿ ನೋಟಿನಷ್ಟಿದ್ದ ಚೀಟಿಯ ಮೇಲೆ ಏನೂ ಬರೆಯದೆ ಬೇಕಾದ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಎರಡು ಚೀಟಿ ಇದ್ದವರು ಎರಡು ಬೇರೆ ಪೆಟ್ಟಿಗೆಗೆ ಹಾಕಬೇಕು. ಎಷ್ಟೇ ಅಭಿಮಾನ ಇರಲಿ, ಒಬ್ಬನಿಗೇ ಎರಡೂ ಓಟು ಕೊಡುವಂತಿರಲಿಲ್ಲ.

ತಲೆ ಕೆಡುವುದು ಎಣಿಕೆಯಲ್ಲಿ. ಇಂಥ ಕಡೆ ಸಾಮಾನ್ಯವಾಗಿ ಒಂದು ಸೀಟು ಮೀಸಲು. ತರಗತಿಯಲ್ಲಿ ನಾನು ಬೋರ್ಡಿನ ಮೇಲೆ ಹೀಗೆ ಬರೆಯುತ್ತೇನೆ: ರಾಮಣ್ಣ 14,000, ಶಾಮಣ್ಣ 13,000, ಪರಿಶಿಷ್ಟ ಜಾತಿಯ ಕರಿಯಪ್ಪ 9,000. ಗೆದ್ದವರು ಯಾರು? ‘ರಾಮಣ್ಣ, ಶಾಮಣ್ಣ’ ಅಂತ ಕೂಗುತ್ತಾರೆ. ತಪ್ಪು. ಮೀಸಲು ಸೀಟು ಮೊದಲು ತುಂಬಬೇಕು, ಅದು ಕರಿಯಪ್ಪನಿಗೆ. ಉಳಿದವರಲ್ಲಿ ಮುಂದಿರುವ ರಾಮಣ್ಣನಿಗೆ ಇನ್ನೊಂದು. ಶಾಮಣ್ಣ ಮನೆಗೆ.

ಈಗ ಇನ್ನೊಬ್ಬ ಪರಿಶಿಷ್ಟ ಅಭ್ಯರ್ಥಿ ಇದ್ದು, ಆ ಇಬ್ಬರೂ ರಾಮಣ್ಣನಿಗಿಂತ ಜಾಸ್ತಿ ಓಟು ತೆಗೆದರೆ? ಎರಡೂ ಸೀಟು ಅವರದ್ದೇ. ಎರಡನೆಯದು ಎಲ್ಲರಿಗೂ ತೆರೆದ ಸೀಟು, ಮೇಲ್ಜಾತಿಯವರಿಗೆ ಕಾದಿಟ್ಟದ್ದಲ್ಲ. ಇದು ಸುಮ್ನೆ ಬೋರ್ಡಿನ ಲೆಕ್ಕವೂ ಅಲ್ಲ. 1957ರಲ್ಲಿ ಆಂಧ್ರದ ಪಾರ್ವತೀಪುರಂ ಲೋಕಸಭಾ ಕ್ಷೇತ್ರದಲ್ಲಿ ಹೀಗೇ ಆಯಿತು. ಇಬ್ಬರು ಬುಡಕಟ್ಟು ಅಭ್ಯರ್ಥಿಗಳು ಗೆದ್ದರು, ವಿ.ವಿ. ಗಿರಿ ಸೋತರು. ಮುಂದೆ ರಾಷ್ಟ್ರಪತಿಯಾದ ಅದೇ ಗಿರಿ! ಅವರು ಸುಪ್ರೀಂ ಕೋರ್ಟಿನವರೆಗೂ ಹೋದರು. 1959ರಲ್ಲಿ ಅಲ್ಲೂ ಸೋತರು.

1961ರ ಕಾಯ್ದೆ ಈ ಜೋಡಿ ಕ್ಷೇತ್ರಗಳನ್ನು ತೆಗೆದುಹಾಕಿತು. ಮೀಸಲು ಕ್ಷೇತ್ರವೇ ಬೇರೆಯಾಯಿತು. ಎಣಿಸುವವರಿಗೆ ಹಗುರವಾಯಿತು, ನಿಜ. ಆದರೆ ಸಾಮಾನ್ಯ ಸೀಟಿನಲ್ಲೂ ದಲಿತರೊಬ್ಬರು ಗೆದ್ದುಬರುವ ಆ ದಾರಿ ಕಿರಿದಾಯಿತು ಅಂತ ನನಗನ್ನಿಸುತ್ತದೆ.

ಮೈಸೂರಿನಲ್ಲಿ ಆ ಸಲ ಕಾಂಗ್ರೆಸ್ 74 ಸೀಟು ಗೆದ್ದಿತು, ಕೆಂಗಲ್ ಹನುಮಂತಯ್ಯ ಮುಖ್ಯಮಂತ್ರಿಯಾದರು. ಈ 74 ಸೀಟಿನ ಲೆಕ್ಕ, ಕ್ಷೇತ್ರದ್ದಲ್ಲ. ಓಟಿನ ಒಟ್ಟು ಮೊತ್ತವನ್ನು ಎರಡರಿಂದ ಭಾಗಿಸಿ ಬಂದ ಜನ ಇಷ್ಟು ಅಂತಲೂ ಬರೆಯಬೇಡಿ. ಒಂದು ಚೀಟಿ ಹಾಕಿ ಇನ್ನೊಂದು ಹಾಕದೆ ಹೋದವರೂ ಇದ್ದರಲ್ವಾ?