ವಿಂಡೋಸ್ ಅಳಿಸಿಯಾಯಿತು, ಆ ಜಾಗ ಲಿನಕ್ಸ್‌ಗೆ ಯಾಕೆ ಸೇರುತ್ತಿಲ್ಲ?

ಪ್ರಶ್ನೆ: ಒಂದೇ ಡಿಸ್ಕ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದವು. ವಿಂಡೋಸ್ ಪಾರ್ಟಿಷನ್ (ಡಿಸ್ಕ್‌ನಲ್ಲಿ ಅದಕ್ಕೆ ಮೀಸಲಾದ ಭಾಗ) ಅಳಿಸಿದೆ. 180 ಜಿಬಿ ಖಾಲಿ ಇದೆ ಎಂದು ಪಾರ್ಟಿಷನ್ ಬದಲಿಸುವ ತಂತ್ರಾಂಶ ಜಿಪಾರ್ಟೆಡ್ ತೋರಿಸುತ್ತದೆ. ಆದರೆ 50 ಜಿಬಿಯ ಲಿನಕ್ಸ್ ಪಾರ್ಟಿಷನ್ ಹಿಗ್ಗಿಸಲು ಹೋದರೆ ಸ್ವಲ್ಪವೂ ಜರುಗುವುದಿಲ್ಲ. ಏನು ಮಾಡಲಿ?

ಉತ್ತರ: ಖಾಲಿ ಜಾಗ ಎಷ್ಟಿದೆ ಎನ್ನುವುದಕ್ಕಿಂತ ಯಾವ ಕಡೆ ಇದೆ ಎಂಬುದನ್ನು ಮೊದಲು ನೋಡಿ. ಸಾಮಾನ್ಯವಾಗಿ ಡಿಸ್ಕ್‌ಗೆ ಮೊದಲು ಬಂದದ್ದು ವಿಂಡೋಸ್. ಅದನ್ನು ಕುಗ್ಗಿಸಿದಾಗ ಬಲಗಡೆ ಬಿಟ್ಟ ಜಾಗದಲ್ಲಿ ಲಿನಕ್ಸ್ ಕೂತಿರುತ್ತದೆ. ಹಾಗಾಗಿ ಈಗ ಖಾಲಿಯಾದದ್ದು ಲಿನಕ್ಸ್‌ನ ಎಡಗಡೆ. ಬಲಕ್ಕೆ ಹಿಗ್ಗಿಸುವುದು ಸುಲಭ: ಕೊನೆಯ ಗಡಿ ಮಾತ್ರ ಮುಂದೆ ಹೋಗುತ್ತದೆ, ಇಎಕ್ಸ್‌ಟಿ4 (ಲಿನಕ್ಸ್ ಸಾಮಾನ್ಯವಾಗಿ ಬಳಸುವ ಫೈಲ್ ಸಿಸ್ಟಮ್) ಆದರೆ ಲಿನಕ್ಸ್ ಓಡುತ್ತಿರುವಾಗಲೇ ಆಗುತ್ತದೆ. ಎಡಕ್ಕೆ ಹಿಗ್ಗಿಸಬೇಕಾದರೆ ಪಾರ್ಟಿಷನ್‌ನ ಆರಂಭವೇ ಬದಲಾಗಬೇಕು, ಒಳಗಿನ ಡೇಟಾ ಎಲ್ಲವನ್ನೂ ಎತ್ತಿ ಎಡಕ್ಕೆ ಇಡಬೇಕು. ತಾನು ನಿಂತ ನೆಲವನ್ನೇ ಸರಿಸಲು ಓಡುತ್ತಿರುವ ಸಿಸ್ಟಮ್‌ಗೆ ಆಗುವುದಿಲ್ಲ. ಜಿಪಾರ್ಟೆಡ್ ಪಟ್ಟಿಯಲ್ಲಿ ಪಾರ್ಟಿಷನ್ ಹೆಸರಿನ ಪಕ್ಕದಲ್ಲಿ ಪುಟ್ಟ ಬೀಗದ ಕೈ ಚಿತ್ರ ಕಾಣುತ್ತಿದೆಯಲ್ಲ, ಅದು ಹೇಳುವುದು ಇದನ್ನೇ: ಈ ಪಾರ್ಟಿಷನ್ ಈಗ ಬಳಕೆಯಲ್ಲಿದೆ.

ಕೈ ಹಾಕುವ ಮೊದಲು ಒಂದು ಮಾತು. ರೂಟ್ ಪಾರ್ಟಿಷನ್ (ಲಿನಕ್ಸ್ ಇರುವ ಮುಖ್ಯ ಭಾಗ) ತುಂಬಿಲ್ಲ, ಫೈಲ್ ಇಡಲು ಜಾಗ ಬೇಕು ಅಷ್ಟೇ ಎಂದಾದರೆ ಅದನ್ನು ಸರಿಸಲೇಬೇಡಿ. ಖಾಲಿ 180 ಜಿಬಿಯಲ್ಲಿ ಹೊಸ ಇಎಕ್ಸ್‌ಟಿ4 ಪಾರ್ಟಿಷನ್ ಮಾಡಿ, ಬೂಟ್ ಆಗುವಾಗ ಯಾವ ಪಾರ್ಟಿಷನ್ ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಅದರ ಯುಯುಐಡಿ (ಗುರುತಿನ ಸಂಖ್ಯೆ) ಬರೆದು, ಡೇಟಾ ಫೋಲ್ಡರ್ ಆಗಿಯೋ ಹೋಮ್ (ಬಳಕೆದಾರರ ಫೈಲ್‌ಗಳ ಫೋಲ್ಡರ್) ಆಗಿಯೋ ಮೌಂಟ್ ಮಾಡಿ, ಅಂದರೆ ಜೋಡಿಸಿ. ಹತ್ತು ನಿಮಿಷದ ಕೆಲಸ, ಅಪಾಯವೂ ಕಡಿಮೆ. ಎಲ್‌ವಿಎಂ (ಹಲವು ಪಾರ್ಟಿಷನ್‌ಗಳ ಜಾಗವನ್ನು ಒಟ್ಟುಗೂಡಿಸಿ ಹಂಚುವ ವ್ಯವಸ್ಥೆ) ಇದ್ದವರಂತೂ ಆ ಜಾಗವನ್ನು ಹೊಸ ಫಿಸಿಕಲ್ ವಾಲ್ಯೂಮ್ ಮಾಡಿ ಗುಂಪಿಗೆ ಸೇರಿಸಿ, ಲಾಜಿಕಲ್ ವಾಲ್ಯೂಮನ್ನೂ ಅದರ ಫೈಲ್ ಸಿಸ್ಟಮನ್ನೂ ಹಿಗ್ಗಿಸಿದರೆ ಸಾಕು, ಅಲ್ಲಿ ಎಡ ಬಲ ಎಂಬುದೇ ಇಲ್ಲ.

ರೂಟ್ ಅನ್ನೇ ದೊಡ್ಡದು ಮಾಡಬೇಕೆಂದರೆ ಮೊದಲು ಬೇಕಾದ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ನಕಲಿಸಿ. ಡೇಟಾ ಸರಿಯುತ್ತಿರುವಾಗ ಕರೆಂಟ್ ಹೋದರೆ ಅರ್ಧ ಹಳೆಯ ಜಾಗದಲ್ಲಿ, ಅರ್ಧ ಹೊಸ ಜಾಗದಲ್ಲಿ ಉಳಿದುಬಿಡುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಇರಿ, ಪರದೆ ಮುಚ್ಚಬೇಡಿ.

ಜಿಪಾರ್ಟೆಡ್ ಇರುವ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆ ಲಿನಕ್ಸ್ ಓಡಿಸುವ ಪೆನ್‌ಡ್ರೈವ್) ಬೂಟ್ ಮಾಡಿ. ಸ್ವಾಪ್ ಪಾರ್ಟಿಷನ್ (ಮೆಮೊರಿ ಸಾಲದಾದಾಗ ಬಳಸುವ ಡಿಸ್ಕ್ ಭಾಗ) ಪಕ್ಕ ಬೀಗದ ಕೈ ಕಂಡರೆ ಬಲ ಕ್ಲಿಕ್ ಮಾಡಿ ಸ್ವಾಪ್‌ಆಫ್ ಆರಿಸಿ. ಲೈವ್ ಸಿಸ್ಟಮ್ ಅದನ್ನು ತಾನಾಗಿಯೇ ಬಳಸಲು ಶುರುಮಾಡಿರುತ್ತದೆ. ಖಾಲಿ ಜಾಗಕ್ಕೂ ರೂಟ್‌ಗೂ ನಡುವೆ ವಿಂಡೋಸ್‌ನ ರಿಕವರಿ ಪಾರ್ಟಿಷನ್ ಉಳಿದಿದ್ದರೆ ಅಳಿಸಿ, ಗೋಡೆಯಂತೆ ಅಡ್ಡ ಇರುವುದು ಅದೇ. ಆಮೇಲೆ ರೂಟ್ ಆರಿಸಿ, ರೀಸೈಜ್/ಮೂವ್ ತೆರೆದು, ಪಟ್ಟಿಯ ಎಡ ತುದಿಯ ಬಾಣವನ್ನು ಪೂರ್ತಿ ಎಡಕ್ಕೆ ಎಳೆಯಿರಿ. ಅಲ್ಲೇ ಇರುವ ಅಲೈನ್‌ಮೆಂಟ್ ಎಂಬ ಆಯ್ಕೆ ಎಂಐಬಿ ಎಂದೇ ಇರಲಿ. ಸರಿ ಗುರುತು ಒತ್ತುವವರೆಗೂ ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ, ಹಾಗಾಗಿ ಕೆಳಗೆ ಕಾಣುವ, ಮಾಡಲಿರುವ ಕೆಲಸಗಳ ಪಟ್ಟಿಯನ್ನು ಇನ್ನೊಮ್ಮೆ ಓದಿಯೇ ಒತ್ತಿ. ಬೂಟ್ ಆಗದೇ ಹೋಗಬಹುದು ಎಂಬ ಎಚ್ಚರಿಕೆ ಬರುತ್ತದೆ. ಸರಿಸಿದರೂ ಯುಯುಐಡಿ ಬದಲಾಗುವುದಿಲ್ಲ, ಆದ್ದರಿಂದ ಯುಇಎಫ್‌ಐ (ಹಳೆಯ ಬಯೋಸ್ ಬದಲಿಗೆ ಬಂದ ಬೂಟ್ ವ್ಯವಸ್ಥೆ) ಇರುವ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ ತೊಂದರೆಯಾಗದು. ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಗಂಟೆಗಟ್ಟಲೆ ಹಿಡಿಯಬಹುದು; ನಡುವೆ ನಿಲ್ಲಿಸಬೇಡಿ.

ಹೆಚ್ಚಿನವರು ಎಡವುವುದು ಇಎಫ್‌ಐ ಪಾರ್ಟಿಷನ್ ವಿಷಯದಲ್ಲಿ. 100 ಎಂಬಿಯ ಆಸುಪಾಸಿನ ಈ ಫ್ಯಾಟ್32 ತುಂಡನ್ನು ಮಾಡಿದ್ದು ವಿಂಡೋಸ್ ಇರಬಹುದು, ಆದರೆ ಲಿನಕ್ಸ್ ಅನ್ನು ಬೂಟ್ ಮಾಡುವ ಗ್ರಬ್ ಕೂಡ ಅದರೊಳಗೇ ಇರುತ್ತದೆ. ಅದನ್ನು ಅಳಿಸಿದರೆ ಕಂಪ್ಯೂಟರ್‌ಗೆ ಲಿನಕ್ಸ್ ಸಿಗುವುದೇ ಇಲ್ಲ. ಒಳಗಿನ ಮೈಕ್ರೋಸಾಫ್ಟ್ ಫೋಲ್ಡರ್ ಮಾತ್ರ ತೆಗೆಯಬಹುದು. ಹಳೆಯ ಎಂಬಿಆರ್ ಮಾದರಿಯಲ್ಲಿ ವಿಂಗಡಿಸಿದ ಡಿಸ್ಕ್‌ಗಳಲ್ಲಿ ಬೇರೊಂದು ತೊಡಕು: 5ನೇ ಸಂಖ್ಯೆಯ ಲಾಜಿಕಲ್ ಪಾರ್ಟಿಷನ್ (ದೊಡ್ಡ ಪಾರ್ಟಿಷನ್‌ನೊಳಗೆ ಮಾಡಿದ್ದು) ಅಳಿಸಿದರೆ 6ನೆಯದು 5 ಆಗಿಬಿಡುತ್ತದೆ, ಗ್ರಬ್ ಹಳೆಯ ಸಂಖ್ಯೆಯನ್ನೇ ಹುಡುಕಿ ರೆಸ್ಕ್ಯೂ ಪರದೆಯಲ್ಲಿ ನಿಲ್ಲುತ್ತದೆ. ಲೈವ್ ಯುಎಸ್‌ಬಿಯಿಂದ ಗ್ರಬ್ ಮತ್ತೆ ಹಾಕಿದರೆ ಸರಿಹೋಗುತ್ತದೆ.

ಎಲ್ಲ ಮುಗಿದ ಮೇಲೆ ಬೂಟ್ ಆಗುವಾಗ ಒಂದೂವರೆ ನಿಮಿಷ ಸುಮ್ಮನೆ ಕಾಯುತ್ತಿದ್ದರೆ, ನೀವು ಸ್ವಾಪ್ ಅಳಿಸಿ ಹೊಸದು ಮಾಡಿರುತ್ತೀರಿ. ಅದಕ್ಕೆ ಹೊಸ ಯುಯುಐಡಿ ಬಂದಿದೆ, ಎಫ್‌ಎಸ್‌ಟ್ಯಾಬ್‌ನಲ್ಲಿ ಹಳೆಯದೇ ಉಳಿದಿದೆ. ಆ ಸಾಲನ್ನು ತಿದ್ದಿ.