0.1, 10, 0.98, 98: ನಾಲ್ಕೂ ಒಂದೇ ಅಲುಗಾಟ

ದಯವಿಟ್ಟು ಓಪನ್‌ಕ್ವೇಕ್ ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕಬೇಡಿ. ಭೂಕಂಪದ ಹಾನಿ ಲೆಕ್ಕ ಹಾಕಲು ಹೋಗಿ ಸಿಕ್ಕಿಹಾಕಿಕೊಂಡು ನನ್ನ ಹತ್ತಿರ ಬರುವವರೆಲ್ಲ ಮೊದಲು ಮಾಡಿ ಬಂದಿರುವುದು ಅದನ್ನೇ. ದಾವಣಗೆರೆಯ ಎಂ.ಟೆಕ್ ಹುಡುಗರು, ಚಿತ್ರದುರ್ಗದ ಕಡೆ ಮನೆಗಳ ಸರ್ವೆ ಮಾಡುವ ಕನ್ಸಲ್ಟೆನ್ಸಿಯವರು, ಎಲ್ಲರದೂ ಒಂದೇ ಮಾತು: ‘ಸಾರ್, ಓಪನ್‌ಕ್ವೇಕ್ ಕೆಟ್ಟಿದೆ.’ ಕೆಟ್ಟಿರುವುದಿಲ್ಲ. ಇಟಲಿಯ ಪಾವಿಯಾದಲ್ಲಿರುವ ಜೆಮ್ ಫೌಂಡೇಶನ್‌ನವರು ಅದನ್ನು ಪುಕ್ಕಟೆ ಕೊಡುತ್ತಾರೆ. ಅದರಲ್ಲಿ ತಪ್ಪೇ ಇಲ್ಲ ಅಂತ ನಾನೇನೂ ಹೇಳುತ್ತಿಲ್ಲ. ಆದರೆ ನಾನು ಬಿಚ್ಚಿ ನೋಡಿದ ಕೇಸುಗಳಲ್ಲಿ ಹೆಚ್ಚಿನವು ನಾವೇ ಕೊಟ್ಟ ಫೈಲಿನ ತಪ್ಪು.

ಕೆಂಪು ಅಕ್ಷರದಲ್ಲಿ ಎರರ್ ಬಂತಾ? ಅದೃಷ್ಟವಂತರು ನೀವು. ದಾವಣಗೆರೆ ಇರುವುದು 14.46 ಉತ್ತರ, 75.92 ಪೂರ್ವದಲ್ಲಿ. ಎರಡನ್ನೂ ಅದಲು ಬದಲು ಬರೆದರೆ ನಮ್ಮ ಪಿ.ಜೆ. ಬಡಾವಣೆ ಸೀದಾ ನಾರ್ವೆಯ ಸ್ವಾಲ್‌ಬಾರ್ಡ್ ಹತ್ತಿರದ ಸಮುದ್ರದಲ್ಲಿ ಹೋಗಿ ಬೀಳುತ್ತದೆ. ಅಲ್ಲಿಯ ಅಲುಗಾಟದ ಲೆಕ್ಕವನ್ನು ನೀವು ಕೊಟ್ಟೇ ಇಲ್ಲ, ಹಾಗಾಗಿ ಅದು ನಿಂತುಬಿಡುತ್ತದೆ. ಮನೆಯ ಬೆಲೆಯನ್ನು ನಮ್ಮ ಲಕ್ಷದ ಪದ್ಧತಿಯಲ್ಲಿ 12,50,000 ಅಂತ ಅಲ್ಪವಿರಾಮ ಹಾಕಿ ಬರೆದರೂ ತಕರಾರು ಬರುತ್ತದೆ. ಎರರಿನ ಕೊನೆಯ ಸಾಲನ್ನು ಓದಿ, ಮೇಲಿನ ಉದ್ದ ಪುರಾಣ ಬಿಡಿ. ಉತ್ತರ ಸಾಮಾನ್ಯವಾಗಿ ಆ ಕೊನೆಯ ಸಾಲಿನಲ್ಲೇ ಇರುತ್ತದೆ.

ನನಗೆ ತಲೆನೋವು ತರುವುದು ಎರರೇ ಬರದೆ ಸುಮ್ನೆ ಮುಗಿದುಹೋಗುವ ಲೆಕ್ಕ.

ಈಚೆಗೆ ಒಬ್ಬ ಹುಡುಗ ದೊಡ್ಡ ನಕ್ಷೆಯನ್ನು ಪ್ರಿಂಟ್ ತೆಗೆಸಿಕೊಂಡು ಬಂದಿದ್ದ. ಚಿತ್ರದುರ್ಗ, ಹಿರಿಯೂರು, ಹೊಳಲ್ಕೆರೆ, ಎಲ್ಲ ಕಡೆ ಹಸಿರು. ಹಾನಿ ಸೊನ್ನೆ. ‘ನಮ್ಮ ಜಿಲ್ಲೆ ಪೂರ್ತಿ ಸೇಫ್ ಸಾರ್, ಬಾಸ್ ಖುಷಿಯಾಗಿದ್ದಾರೆ’ ಅಂದ. ‘ಮಣ್ಣಿನ ಚಾವಣಿಯ ಮಾಳಿಗೆ ಮನೆಗಳೂ ಸೇಫಾ?’ ಅಂತ ಕೇಳಿದೆ. ‘ಹೂಂ ಸಾರ್, ಅವೂ.’ ನಾನು ಕೇಳಿದ ಮುಂದಿನ ಪ್ರಶ್ನೆ ಒಂದೇ: ‘ಅಲುಗಾಟವನ್ನು ಯಾವ ಅಳತೆಯಲ್ಲಿ ಕೊಟ್ಟೆ ತಮ್ಮಾ?’ ಹುಡುಗ ನನ್ನ ಮುಖ ನೋಡಿದ.

ಇದನ್ನು ಎಷ್ಟು ಸಲ ಹೇಳಿದರೂ ಯಾರ ತಲೆಗೂ ಇಳಿಯುತ್ತಿಲ್ಲ, ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. ನೆಲ ಎಷ್ಟು ಜೋರಾಗಿ ಅಲುಗಿತು ಅನ್ನುವುದನ್ನು ವೇಗೋತ್ಕರ್ಷದಲ್ಲಿ ಅಳೆಯುತ್ತಾರೆ. ಒಂದು ಜಿ ಅಂದರೆ ಭೂಮಿಯ ಗುರುತ್ವದ ವೇಗೋತ್ಕರ್ಷ, ಸೆಕೆಂಡ್ ವರ್ಗಕ್ಕೆ 9.81 ಮೀಟರ್. ಆದ್ದರಿಂದ 0.1 ಜಿ ಅನ್ನುವುದನ್ನು ಶೇಕಡಾ 10 ಜಿ ಅಂತಲೂ ಬರೆಯಬಹುದು, 0.98 ಮೀಟರ್ ಅಂತಲೂ ಬರೆಯಬಹುದು, 98 ಗ್ಯಾಲ್ (ಅದೇ ಲೆಕ್ಕ ಸೆಂಟಿಮೀಟರಿನಲ್ಲಿ) ಅಂತಲೂ ಬರೆಯಬಹುದು. ನಾಲ್ಕೂ ಒಂದೇ ಅಲುಗಾಟ. ಅಮೆರಿಕದ ಭೂಗರ್ಭ ಸರ್ವೇಕ್ಷಣೆಯ ಅಲುಗಾಟದ ನಕ್ಷೆ ಶೇಕ್‌ಮ್ಯಾಪ್ ಶೇಕಡಾ ಜಿಯಲ್ಲಿ ಕೊಡುತ್ತದೆ. ಓಪನ್‌ಕ್ವೇಕ್ ಬರೀ ಜಿಯಲ್ಲಿ ಕೇಳುತ್ತದೆ. ಹಳೆಯ ಪ್ರಬಂಧಗಳಲ್ಲಿ ಗ್ಯಾಲ್ ಇರುತ್ತದೆ. ಫೈಲಿನಲ್ಲಿ ಉಳಿಯುವುದು ಮಾತ್ರ ಬೋಳು ಅಂಕಿ. ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಕ್ವಿಂಟಾಲ್ ರೇಟನ್ನು ಕೇಜಿ ರೇಟು ಅಂತ ಓದಿದರೆ ಅಲ್ಲಿದ್ದವರೆಲ್ಲ ನಗುತ್ತಾರೆ. ಕಂಪ್ಯೂಟರ್ ನಗುವುದಿಲ್ಲ.

ಲೆಕ್ಕ ಹಾಕಿಯೇ ನೋಡೋಣ. ಎಷ್ಟು ಅಲುಗಾಟಕ್ಕೆ ಎಷ್ಟು ಮನೆಗೆ ಹಾನಿ ಅಂತ ತೋರಿಸಲು ಒಂದು ರೇಖೆ ಇರುತ್ತದೆ; ಒಂದು ಬಗೆಯ ಮನೆಗೆ ಭಾರೀ ಹಾನಿಯ ರೇಖೆಯ ಮಧ್ಯಬಿಂದು 0.2 ಜಿ, ಹರವು (ರೇಖೆ ಎಷ್ಟು ಅಗಲಕ್ಕೆ ಹರಡಿದೆ ಅನ್ನುವ ಅಂಕಿ) 0.6 ಅಂತ ಇಟ್ಟುಕೊಳ್ಳಿ. ಉದಾಹರಣೆಗಷ್ಟೇ, ಯಾವ ನಿಜವಾದ ಮನೆಯದೂ ಅಲ್ಲ. ಮಧ್ಯಬಿಂದು ಅಂದರೆ 0.2 ಜಿ ಅಲುಗಾಟಕ್ಕೆ ಅಂಥ 100 ಮನೆಗಳಲ್ಲಿ 50ಕ್ಕೆ ಆ ಮಟ್ಟದ ಹಾನಿ ಆಗಿರುತ್ತದೆ ಅಂತ. ಈಗ 0.1 ಜಿ ಅಲುಗಾಟ ಕೊಡಿ. ಸುಮಾರು 12 ಮನೆ. ಅದೇ ಅಲುಗಾಟವನ್ನು ಶೇಕಡಾವಾರು 10 ಅಂತ ಹಾಕಿ. 100ಕ್ಕೆ 100. ಇನ್ನು ರೇಖೆಯನ್ನು ಮೀಟರಿನಲ್ಲಿ, ಅಂದರೆ 1.96 ಅಂತ ಇಟ್ಟು, ಅಲುಗಾಟವನ್ನು ಮಾತ್ರ 0.1 ಅಂತ ಬಿಡಿ. ಸೊನ್ನೆ. ಮನೆ ಅದೇ, ನೆಲ ಅದೇ, ಮೂರು ಉತ್ತರ. ಮೂರು ಸಲವೂ ಲೆಕ್ಕ ಯಶಸ್ವಿ ಅಂತಲೇ ತೋರಿಸುತ್ತದೆ.

100ಕ್ಕೆ 100 ಬಂದವರು ಗಾಬರಿಯಾಗಿ ಓಡಿ ಬರುತ್ತಾರೆ. ಅವರ ಬಗ್ಗೆ ನನಗೆ ಚಿಂತೆ ಇಲ್ಲ. ಸೊನ್ನೆ ಬಂದವರು ಬರುವುದೇ ಇಲ್ಲ, ಪ್ರಿಂಟ್ ತೆಗೆಸಲು ಹೋಗುತ್ತಾರೆ. ಈ ಹುಡುಗ ನನ್ನ ಹತ್ತಿರ ಬಂದದ್ದೂ ನಕ್ಷೆಯ ಬಣ್ಣ ಚೆನ್ನಾಗಿದೆಯಾ ಅಂತ ಕೇಳುವುದಕ್ಕೆ!

ಸೊನ್ನೆಯನ್ನು ನಾನು ಯಾಕೆ ನಂಬುವುದಿಲ್ಲ? ಭೂಕಂಪಕ್ಕೆ ಕಟ್ಟಡ ಡಿಸೈನ್ ಮಾಡುವ ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯಲ್ಲಿ ದಾವಣಗೆರೆ, ಚಿತ್ರದುರ್ಗ ಎರಡೂ ವಲಯ 2, ಅಂದರೆ ಅತಿ ಕಡಿಮೆ ಅಪಾಯದ ವಲಯ. ಆ ವಲಯದ ಅಲುಗಾಟದ ಅಂಕಿ 0.10. ಇದು ಕಟ್ಟಡ ಡಿಸೈನಿಗೆ ಕೊಟ್ಟಿರುವುದು, ಮುಂದೆ ಏನಾಗುತ್ತದೆ ಅನ್ನುವ ಭವಿಷ್ಯವಲ್ಲ. ಆದರೂ ಕಡಿಮೆ ಅಂದರೆ ಸೊನ್ನೆ ಅಲ್ಲ, ಅಲ್ವಾ? 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರಿನ ಕಿಲ್ಲಾರಿಯಲ್ಲಿ ಆದದ್ದು 6.2ರ ಭೂಕಂಪ. ಆಗಿನ ನಕ್ಷೆಯಲ್ಲಿ ಅದು ವಲಯ 1, ಎಲ್ಲಕ್ಕಿಂತ ಕೆಳಗಿನದು. ಸತ್ತವರು ಹತ್ತಿರ ಹತ್ತಿರ 10 ಸಾವಿರ. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಭಾರದ ಚಾವಣಿ. ನಮ್ಮ ಕಡೆಯ ಹಳೇ ಮಾಳಿಗೆ ಮನೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ತಂಪಾಗಿರುತ್ತದೆ, ನನಗೂ ಇಷ್ಟ. ಅಲುಗಾಟಕ್ಕೆ ಮಾತ್ರ ಒಳ್ಳೆಯದಲ್ಲ.

ಹಾಗಾಗಿ ಇಡೀ ತಾಲ್ಲೂಕು ಓಡಿಸುವ ಮೊದಲು ಒಂದೇ ಒಂದು ಮನೆ ಇಟ್ಟು ಓಡಿಸಿ. ಅದೇ ಲೆಕ್ಕವನ್ನು ಎಕ್ಸೆಲ್‌ನಲ್ಲೂ ಮಾಡಿ. ಎರಡೂ ತಾಳೆಯಾದರೆ ಮುಂದೆ ಹೋಗಿ. ರೇಖೆ ಯಾವ ಅಳತೆಗೆ ಬರೆದದ್ದು ಅಂತಲೂ ನೋಡಿಕೊಳ್ಳಿ. ಒಂದು ಸೆಕೆಂಡಿನ ಸ್ಪೆಕ್ಟ್ರಲ್ ಅಳತೆಗೆ (ಸೆಕೆಂಡಿಗೊಮ್ಮೆ ತೂಗಾಡುವ ಕಟ್ಟಡ ಎಷ್ಟು ಅಲುಗುತ್ತದೆ ಅನ್ನುವುದಕ್ಕೆ) ಬರೆದ ರೇಖೆಗೆ ನೆಲದ ಗರಿಷ್ಠ ಅಲುಗಾಟದ ಅಂಕಿ ಹೊಂದುವುದಿಲ್ಲ. ಹಾನಿ ಲೆಕ್ಕದ ಇನ್ನೊಂದು ಸಾಫ್ಟ್‌ವೇರ್ ಹ್ಯಾಜಸ್ ಬಳಸುವವರು ಇನ್ನೂ ಜಾಸ್ತಿ ಹುಷಾರಾಗಿರಬೇಕು. ಅದು ಅಮೆರಿಕದ ಮನೆಗಳಿಗೆ ಮಾಡಿದ್ದು, ಅಲ್ಲಿನ ಪಟ್ಟಿಯಲ್ಲಿ ಮಾಳಿಗೆ ಮನೆ ಇಲ್ಲ.

ಹುಡುಗನ ಫೈಲ್ ಬಿಚ್ಚಿದೆವು. ರೇಖೆ ಮೀಟರಿನಲ್ಲಿತ್ತು, ಅಲುಗಾಟ ಜಿಯಲ್ಲಿತ್ತು. ರೇಖೆಯನ್ನು 9.81ರಿಂದ ಭಾಗಿಸಿ ಮತ್ತೆ ಓಡಿಸಿದಾಗ ಹಳ್ಳಿಗಳ ಕಡೆ ಹಳದಿ, ಅಲ್ಲಲ್ಲಿ ಕಿತ್ತಳೆ ಬಂತು. ‘ಇದನ್ನ ಬಾಸ್‌ಗೆ ಹೆಂಗೆ ತೋರ್ಸೋದು ಸಾರ್?’ ಅಂದ. ಪಕ್ಕದಲ್ಲಿ ಹಳೇ ಹಸಿರು ನಕ್ಷೆಯನ್ನೂ ಇಟ್ಟು ತೋರಿಸು ಅಂದೆ. ಆದರೆ ಈ ಕಿತ್ತಳೆಯೂ ಒಂದು ಬಗೆಯ ಮನೆಗಳ ಗುಂಪಿನ ಸರಾಸರಿ. ಯಾರದಾದರೂ ಒಂದು ಮನೆ ಬೀಳುತ್ತದಾ ಇಲ್ಲವಾ ಅಂತ ಇದರಿಂದ ಹೇಳಲು ಆಗದು. ಅದಕ್ಕೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಆ ಮನೆಗೇ ಹೋಗಿ ಗೋಡೆ ನೋಡಬೇಕು. ಇದನ್ನೂ ನಕ್ಷೆಯ ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆಯಲು ಹೇಳಿ ಕಳಿಸಿದೆ.