ಬಸದಿಯೂ ವಸ್ತಿ ಬಸ್ಸೂ ಒಂದೇ ಬಳಗ

ಹುಬ್ಬಳ್ಳಿ, ಗದಗ ಕಡೆ ರಾತ್ರಿ ಕೊನೆಯ ಟ್ರಿಪ್‌ಗೆ ಹಳ್ಳಿಗೆ ಹೋಗಿ, ಅಲ್ಲೇ ನಿಂತು, ಬೆಳಿಗ್ಗೆ ಮೊದಲ ಟ್ರಿಪ್‌ಗೆ ಜನರನ್ನು ತುಂಬಿಕೊಂಡು ಹೊರಡುವ ಬಸ್ಸಿಗೆ ವಸ್ತಿ ಬಸ್ ಅಂತಾರೆ. ಗದಗದಿಂದ ಸುಮಾರು 12 ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರ ಸುಮಾರಿಗೆ ಕಟ್ಟಿಸಿದ ಬಸದಿ, ಅಂದರೆ ಜೈನರ ಗುಡಿ ಇದೆ. ಈ ಬಸದಿ, ಆ ವಸ್ತಿ ಎರಡೂ ಮೂಲದಲ್ಲಿ ಒಂದೇ ಪದ.

ಸಂಸ್ಕೃತದ 'ವಸತಿ'ಯೇ ಆ ಮೂಲ. 'ವಸ್' ಧಾತುವಿನ ಹಳೇ ಅರ್ಥ ರಾತ್ರಿ ತಂಗುವುದು. 'ಇದ್ದ' ಅನ್ನುವ ಅರ್ಥದ ಇಂಗ್ಲಿಷಿನ 'ವಾಸ್' (was) ಕೂಡ ಇದರ ದೂರದ ನೆಂಟ! ಜೈನ ಮುನಿಗಳು ಊರೂರು ನಡೆಯುವವರು, ಮಳೆಗಾಲದ ನಾಲ್ಕು ತಿಂಗಳು ಮಾತ್ರ ಒಂದು ಕಡೆ ನಿಲ್ಲುತ್ತಾರೆ. ಅವರು ಉಳಿಯುವ ಜಾಗ ವಸತಿ. ಆ ಹೆಸರೇ ಮುಂದೆ ಜಿನನ ಗುಡಿಗೂ ಅಂಟಿಕೊಂಡಿತು.

ಆದರೆ ವಸತಿ ಬಸದಿ ಆಗಿದ್ದು ಹೇಗೆ? ಸುಮ್ನೆ ಬಾಯಿಗೆ ಬಂದಂತೆ ಅಲ್ಲ. ಪದದ ಮೊದಲಿಗೆ ಬರುವ 'ವ' ಹಳೆಯ ಕಾಲದಲ್ಲೇ ಕನ್ನಡದಲ್ಲಿ 'ಬ' ಆಗಿದೆ. ವನ ಬನ ಆಯಿತು, ವರ್ಣ ಬಣ್ಣ ಆಯಿತು. ತಮಿಳರ ವೇರ್ ನಮಗೆ ಬೇರು, ವಿಲ್ ಬಿಲ್ಲು, ವಾಯ್ ಬಾಯಿ. ವೃಷಭ ಪ್ರಾಕೃತದಲ್ಲಿ ವಸಹ ಆಗಿ, ನಮ್ಮಲ್ಲಿಗೆ ಬಂದು ಬಸವ ಆಗಿದ್ದೂ ಇದೇ ದಾರಿಯಲ್ಲಿ. ಇನ್ನು 'ತ' ಯಾಕೆ 'ದ' ಆಯಿತು? ಗಂಟಲ ಮೇಲೆ ಬೆರಳಿಟ್ಟು 'ಅತ', 'ಅದ' ಅಂತ ಹೇಳಿ ನೋಡಿ. 'ಅದ' ಅನ್ನುವಾಗ ಬೆರಳಿಗೆ ಕಂಪನ ಒಂದೇ ಸಮ ತಾಗುತ್ತದೆ, 'ಅತ' ಅನ್ನುವಾಗ ನಡುವೆ ಒಂದು ಚೂರು ಕಡಿಯುತ್ತದೆ. ಎರಡು ಸ್ವರಗಳ ನಡುವೆ ಧ್ವನಿತಂತುಗಳನ್ನು ನಿಲ್ಲಿಸಿ ಮತ್ತೆ ಶುರು ಮಾಡುವುದಕ್ಕಿಂತ ಓಡಲು ಬಿಡುವುದೇ ಸಲೀಸು, ಅಲ್ವಾ? ಪ್ರಾಕೃತ ಮಾತಾಡುವವರು ಆಗಲೇ ಈ ಸಲೀಸು ಹಿಡಿದಿದ್ದರು.

ವಸ್ತಿಯಲ್ಲಿ ಮಾತ್ರ 'ವ' ಅಲುಗಿಲ್ಲ. ಅಂದರೆ ಅದು ಆ ಬದಲಾವಣೆ ಮುಗಿದ ಮೇಲೆ ಬಂದದ್ದು. ಮರಾಠಿಯಲ್ಲೂ ವಸ್ತಿ ಇದೆ, ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಭಾಗಕ್ಕೆ ಆ ಕಡೆಯಿಂದಲೇ ಬಂದಿರಬೇಕು ಅಂತ ನನ್ನ ಅನಿಸಿಕೆ. ತಮಾಷೆ ಅಂದರೆ, ರಾತ್ರಿ ತಂಗುವ ಹಳೇ ಅರ್ಥ ಬಸದಿಗಿಂತ ಈ ಬಸ್ಸಿನಲ್ಲೇ ಜಾಸ್ತಿ ಉಳಿದಿದೆ.

ಗುಡಿಯ ಕಥೆಯೂ ಹೀಗೇ. ಅದು ದ್ರಾವಿಡ ಪದ, ತಮಿಳಿನಲ್ಲಿ ಕುಡಿ ಅಂದರೆ ಮನೆ. ದೇಗುಲ ಬಂದದ್ದು ದೇವಕುಲದಿಂದ, ಅಲ್ಲಿ ಕುಲ ಅಂದರೂ ಮನೆಯೇ. ಮಠ ಕೂಡ ಸಂಸ್ಕೃತದಲ್ಲಿ ಸನ್ಯಾಸಿ ಅಥವಾ ವಿದ್ಯಾರ್ಥಿ ಇರುವ ಗುಡಿಸಲು. ಹುಬ್ಬಳ್ಳಿಯ ಮೂರುಸಾವಿರ ಮಠದ ಮುಂದೆ ನಿಂತು ಇದನ್ನು ನಂಬುವುದು ಸ್ವಲ್ಪ ಕಷ್ಟವೇ.